ಊಟದ ಬೆಲ್ಲಿಗೆ ಊದಿದ ವಿಷಲ್

ತೀರ್ಪು ಹೇಳುವವನ ಕೈಯಲ್ಲಿ ಧರ್ಮದ ತಕ್ಕಡಿ ಇರುತ್ತದೆ, ಅವನ ನಾಲಿಗೆ ಅಲುಗಿದರೆ ಎರಡು ಊರಿನ ಹಣೆಬರಹ ಅಲುಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆ ದಿನ ನನ್ನ ಕೈಯಲ್ಲಿ ಇದ್ದದ್ದು ಒಳಗಿನ ಗುಂಡು ಎಂದೋ ಉದುರಿಹೋಗಿದ್ದ ಒಂದು ಪ್ಲಾಸ್ಟಿಕ್ ವಿಷಲ್. ಊದಿದರೆ ಹಾಲಿನ ಕುಕ್ಕರ್ ಕೂಗಿದಂತೆ ಕೇಳಿಸುತ್ತಿತ್ತು.

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕೆಲಸ ಮಾಡುವವನು. ಇಲಾಖೆ ನನ್ನನ್ನು ದೈಹಿಕ ಶಿಕ್ಷಣ ಶಿಕ್ಷಕ ಎನ್ನುತ್ತದೆ, ಊರು ಡ್ರಿಲ್ ಮೇಷ್ಟ್ರು ಎನ್ನುತ್ತದೆ, ಮಕ್ಕಳು ಏನೋ ಒಂದು ಅನ್ನುತ್ತಾರೆ, ಅದು ನನಗೆ ಗೊತ್ತಿಲ್ಲ ಎಂದು ಅವರು ತಿಳಿದುಕೊಂಡಿದ್ದಾರೆ. ಜಿಲ್ಲಾ ಮಟ್ಟದ ಪ್ರೌಢಶಾಲಾ ಬಾಲಕಿಯರ ಕಬಡ್ಡಿ ಫೈನಲ್ ಮುಳಬಾಗಿಲಿಗೂ ಮಾಲೂರಿಗೂ ಬಿದ್ದಿತ್ತು. ತೀರ್ಪುಗಾರ ಈ ಎರಡು ತಾಲ್ಲೂಕಿನವನಾಗಿರಬಾರದು. ನಮ್ಮ ಶ್ರೀನಿವಾಸಪುರದ ಹುಡುಗಿಯರು ಹಿಂದಿನ ದಿನ ಬೆಳಗ್ಗೆ ಮೊದಲ ಪಂದ್ಯದಲ್ಲೇ ಸೋತು ನನ್ನ ನಿಷ್ಪಕ್ಷಪಾತವನ್ನು ಪ್ರಮಾಣೀಕರಿಸಿದ್ದರು. ಹಾಗಾಗಿ ರೆಫರಿ ನಾನಾದೆ.

ಪಂದ್ಯದಲ್ಲಿ ಪಣಕ್ಕೆ ಏನಿತ್ತು ಎನ್ನುವುದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೆದ್ದ ತಂಡ ವಿಭಾಗ ಮಟ್ಟಕ್ಕೆ ಹೋಗುತ್ತದೆ. ಸೋತ ತಂಡ ಸಂಜೆಯ ಬಸ್ಸು ಹಿಡಿಯುತ್ತದೆ. ಎರಡೂ ತಂಡದಲ್ಲಿ ಹತ್ತನೇ ತರಗತಿಯವರೇ ಹೆಚ್ಚು. ಆ ಹುಡುಗಿಯರು ಮುಂದಿನ ವರ್ಷ ಕಾಲೇಜಿಗೆ ಹೋಗಬಹುದು, ಆದರೆ ಮನೆಯವರು ಕಬಡ್ಡಿಗೆ ಕಳಿಸುವುದು ಬಹುಪಾಲು ಅಲ್ಲಿಗೆ ಮುಗಿಯುತ್ತದೆ. ಮುಳಬಾಗಿಲಿನ ಮುಖ್ಯ ರೈಡರ್ ಹುಡುಗಿಯಂತೂ ಬೆಳಗ್ಗೆ ನನ್ನನ್ನೇ ಕೇಳಿದ್ದಳು: “ಸಾರ್, ವಿಭಾಗ ಮಟ್ಟದಲ್ಲಿ ಮ್ಯಾಟ್ ಮೇಲೆ ಆಡಿಸ್ತಾರಂತೆ, ನಿಜಾನಾ?” ನಿಜ ಎಂದೆ. ಅವಳು ಅಂಗಾಲಿನ ಮಣ್ಣು ನೋಡಿಕೊಂಡು, “ಒಂದ್ಸಲ ಆಡ್ಬೇಕು ಸಾರ್” ಎಂದಳು.

ಆಟ ಕೋಲಾರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಮೈದಾನದಲ್ಲಿ. ಬೆಳಗ್ಗೆ ಏಳಕ್ಕೇ ಹೋಗಿ ಅಂಕಣ ಹಾಕಿಸಿದೆ. ಬಾಲಕಿಯರಿಗೆ ಹನ್ನೆರಡು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಶಾಲೆಯ ಟೇಪಿನ ಮೊದಲ ಹತ್ತು ಸೆಂಟಿಮೀಟರ್ ಯಾವುದೋ ಕಾಲದಲ್ಲಿ ತುಂಡಾಗಿತ್ತು. ಆದ್ದರಿಂದ ಎಲ್ಲ ಅಳತೆಗೂ ಹತ್ತು ಸೇರಿಸಬೇಕು. ನನಗೆ ಅಂಪೈರ್ ಆಗಿ ಬಂದಿದ್ದ ಕೋಲಾರದ ತರುಣ ಮೇಷ್ಟ್ರು ಮೊದಲ ಮೂರು ಗೆರೆಗೆ ಸೇರಿಸಿದರು, ನಾಲ್ಕನೆಯದಕ್ಕೆ ಮರೆತರು. ಸುಣ್ಣದ ಪುಡಿ ಹಾಕಿದ ಮೇಲೆ ನೋಡಿದರೆ ಮಾಲೂರಿನ ಕಡೆಯ ಅಂಕಣ ಒಂದು ಮೂಲೆಯಲ್ಲಿ ಅಂಗೈಯಗಲ ಒಳಗೆ ಸರಿದಿತ್ತು. ಅಳಿಸಿ, ನೀರು ಚಿಮುಕಿಸಿ, ಮತ್ತೆ ಹಾಕಿದೆವು. ಆ ದಿನದ ತಪ್ಪಿನ ಕೋಟಾ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಮೇಲೆ ಬೆಲ್ಲಿನ ಸಮಸ್ಯೆ. ಅವಧಿ ಮುಗಿದದ್ದನ್ನು ತಿಳಿಸಲು ತಂದಿದ್ದ ಎಲೆಕ್ಟ್ರಿಕ್ ಬೆಲ್ಲಿಗೆ ಕರೆಂಟ್ ಇರಲಿಲ್ಲ. ಆಗ ನನಗೆ ಒಂದು ಉಪಾಯ ಹೊಳೆಯಿತು. ಅಂಕಣದ ಪಕ್ಕದ ಹೊಂಗೆ ಮರಕ್ಕೆ ಶಾಲೆಯ ಬೆಲ್ ನೇತುಹಾಕಿದ್ದರು, ಒಂದು ಮೊಳದ ರೈಲುಕಂಬಿ. ಹೊಡೆದರೆ ಕ್ಯಾಲನೂರಿನವರೆಗೆ ಕೇಳಬೇಕು. ಸಮಯ ನೋಡಿಕೊಳ್ಳಲು ಕೂತಿದ್ದ ಆ ಶಾಲೆಯ ಗಣಿತದ ಮೇಡಂಗೆ, “ನಿಮ್ಮ ವಾಚಿನಲ್ಲಿ ಹದಿನೈದು ನಿಮಿಷ ತುಂಬಿದ ಕೂಡಲೇ ಇದನ್ನೇ ಹೊಡೆದುಬಿಡಿ” ಎಂದೆ. ಎರಡೂ ತಂಡದ ಮ್ಯಾನೇಜರಿಗೆ ತಿಳಿಸಿದೆ, ಅಂಪೈರಿಗೆ ತಿಳಿಸಿದೆ, ಮೈಕಿನಲ್ಲಿ ಹೇಳಿಸಿದೆ. ಉಪಾಯವನ್ನು ತಿಳಿಸದೆ ಬಿಟ್ಟದ್ದು ಬಿಸಿಯೂಟದ ಅಡುಗೆಮನೆಗೆ ಮಾತ್ರ.

ಫೈನಲ್ ಶುರುವಾದದ್ದು ಹನ್ನೆರಡು ದಾಟಿದ ಮೇಲೆ. ಮುಳಬಾಗಿಲಿನವರು ಕುರುಡುಮಲೆ ಗಣಪನಿಗೆ ಕೈಮುಗಿದು, ಹಣೆಗೆ ಅಲ್ಲಿನ ಕುಂಕುಮ ಇಟ್ಟುಕೊಂಡು ಬಂದಿದ್ದರು. ಮಾಲೂರಿನವರು ದೇವರನ್ನು ನಂಬಿದಂತೆ ಕಾಣಲಿಲ್ಲ, ಎಡಮೂಲೆಯ ಕಾರ್ನರ್ ಹುಡುಗಿಯನ್ನು ನಂಬಿದ್ದರು. ಸಣ್ಣ ಆಳು, ಮಾತಿಲ್ಲ. ರೈಡಿಗೆ ಬಂದವಳ ಕಾಲು ಒಂದು ಸಲ ಅವಳ ಕೈಗೆ ಸಿಕ್ಕಿತೆಂದರೆ ಬೋನಿಗೆ ಬಿದ್ದಂತೆ.

ಮೊದಲರ್ಧ ನಿರ್ವಿಘ್ನ. ಮೇಡಂ ಕಂಬಿ ಹೊಡೆದರು, ನಾನು ಊದಿದೆ, ಎಲ್ಲರೂ ನಿಂಬೆಹಣ್ಣಿನ ಪಾನಕ ಕುಡಿದರು. ನನ್ನ ವ್ಯವಸ್ಥೆಯ ಬಗ್ಗೆ ನನಗೇ ಗೌರವ ಹುಟ್ಟಿತು.

ಎರಡನೇ ಅರ್ಧದ ಕೊನೆಯ ನಿಮಿಷ. ಮಾಲೂರು 31, ಮುಳಬಾಗಿಲು 29. ಮಾಲೂರಿನ ಅಂಕಣದಲ್ಲಿ ಐದು ಜನ. ಮುಳಬಾಗಿಲಿನ ಆ ರೈಡರ್ ಕಬಡ್ಡಿ ಕಬಡ್ಡಿ ಎನ್ನುತ್ತಾ ಒಳಗೆ ಹೋದಳು. ಇಬ್ಬರನ್ನು ಮುಟ್ಟಿದರೆ ಸಮ, ಮೂವರನ್ನು ಮುಟ್ಟಿ ನಡುಗೆರೆ ದಾಟಿದರೆ ಗೆಲುವು. ಹನ್ನೆರಡು ಸೆಕೆಂಡ್ ಆಡಿದ ಮೇಲೆ ಎಡಮೂಲೆಗೆ ನುಗ್ಗಿದಳು. ಕಾರ್ನರ್ ಅವಳ ಕಾಲು ಹಿಡಿದಳು. ಇನ್ನಿಬ್ಬರು ಸೊಂಟಕ್ಕೆ ಬಿದ್ದರು. ನಾಲ್ವರೂ ಗುಂಪಾಗಿ ನಡುಗೆರೆಯ ಕಡೆ ಜಾರತೊಡಗಿದರು.

ಆಗ ಕಂಬಿ ಬಾರಿಸಿತು. ಢಣ್, ಢಣ್, ಢಣ್.

ಮೂವತ್ತು ವರ್ಷ ಬೆಲ್ಲಿಗೆ ಎದ್ದು, ಬೆಲ್ಲಿಗೆ ಕೂತು, ಬೆಲ್ಲಿಗೆ ಉಂಡ ಮನುಷ್ಯ ನಾನು. ತಲೆ ಏನಾದರೂ ಹೇಳುವ ಮೊದಲೇ ಬಾಯಿ ಊದಿಬಿಟ್ಟಿತು. ಅದೂ ಆಟ ಮುಗಿದಾಗ ಊದುವ ಉದ್ದನೆಯ ವಿಷಲ್.

ಮಾಲೂರಿನವರು ಗೆದ್ದೆವೆಂದು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿದರು. ಮುಳಬಾಗಿಲಿನ ರೈಡರ್ ಮೈಮೇಲಿನ ಮಣ್ಣು ಕೊಡವಿಕೊಂಡು ತನ್ನ ಅಂಕಣಕ್ಕೆ ನಡೆದು, ಆಕಾಶಕ್ಕೆ ಮೂರು ಬೆರಳು ತೋರಿಸಿದಳು. ಅವಳ ತಂಡದವರು ತೆಲುಗಿನಲ್ಲಿ, “ವದಿಲೇಸಿಂದಿ, ವದಿಲೇಸಿಂದಿ”, ಬಿಟ್ಟುಬಿಟ್ಟಳು ಎಂದು ಕೂಗಿ, ಗೆದ್ದೆವೆಂದು ಅವರೂ ಕುಣಿದರು. ಸುತ್ತ ಕೂತಿದ್ದ ಶಾಲೆಯ ಮಕ್ಕಳು ಯಾರ ಗೆಲುವಿನ ಗೊಡವೆಯೂ ಇಲ್ಲದೆ ತಟ್ಟೆ ತರಲು ಓಡಿದರು. ಅದನ್ನು ನೋಡಿದಾಗ ನನಗೆ ಮೊದಲ ಅನುಮಾನ ಬಂತು.

ಗಣಿತದ ಮೇಡಂ ವಾಚು ಹಿಡಿದುಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಸಾರ್, ನಾನು ಹೊಡೆದಿಲ್ಲ.”

“ಮತ್ತೆ ಯಾರು?”

ಅವರು ಹೊಂಗೆ ಮರದ ಕಡೆ ನೋಡಿದರು. ಅಲ್ಲಿ ಬಿಸಿಯೂಟದ ಅಡುಗೆಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು.

“ನೀವು ಊದಿದ ಕೂಡ್ಲೇ ವಾಚ್ ನಿಲ್ಲಿಸ್ದೆ. ಇನ್ನೂ ಹತ್ತೊಂಬತ್ತು ಸೆಕೆಂಡ್ ಇದೆ ಸಾರ್.”

ಅಷ್ಟರಲ್ಲಿ ತರುಣ ಅಂಪೈರ್ ಇನ್ನೊಂದು ಕಡೆಯಿಂದ ಬಂದು ಇನ್ನೂ ಮೆಲ್ಲಗೆ ಹೇಳಿದರು: “ಸಾರ್, ತಪ್ಪು ತಿಳ್ಕೋಬೇಡಿ. ಟೈಮ್ ಮುಗಿದಿದ್ರೂ ಊದೋ ಹಾಗಿರ್ಲಿಲ್ಲ. ಕೊನೇ ರೈಡ್ ನಡೀತಾ ಇದ್ರೆ ಅದು ಪೂರ್ತಿ ಆಗೋವರೆಗೂ ಬಿಡ್ಬೇಕು.”

ಅದು ನನಗೆ ಗೊತ್ತಿತ್ತು. ಆ ನಿಯಮವನ್ನು ಅವರ ಬ್ಯಾಚಿಗೆ ತರಬೇತಿ ಶಿಬಿರದಲ್ಲಿ ಪಾಠ ಮಾಡಿದವನೇ ನಾನು. ಒಂದೇ ಉಸಿರಿನಲ್ಲಿ ಎರಡು ತಪ್ಪು ಮಾಡಿದ್ದೆ. ಉಸಿರಿನ ಆಟದಲ್ಲಿ ಅದೂ ಒಂದು ಸಾಧನೆಯೇ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ತೀರ್ಪುಗಾರಿಕೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು, “ಯೋಚನೆ ಮಾಡೋದಿದ್ರೆ ಊದೋಕೆ ಮುಂಚೆ ಮಾಡ್ಕೋ. ಊದಿದ ಮೇಲೆ ಊದಿದ್ದೇ ಸರಿ.” ಆ ಮಾತನ್ನು ನಾನು ಇಷ್ಟು ವರ್ಷ ಮಂತ್ರದಂತೆ ಪಾಲಿಸಿದ್ದೆ. ಈಗಲೂ ಪಾಲಿಸಬಹುದಿತ್ತು. ಮೈದಾನದಲ್ಲಿ ಅರ್ಧ ಜನ ಆಟ ಮುಗಿದಿದೆ ಎಂದೇ ನಂಬಿದ್ದರು. ಹತ್ತೊಂಬತ್ತು ಸೆಕೆಂಡಿನ ಸಂಗತಿ ಒಂದು ವಾಚಿಗೆ ಗೊತ್ತಿತ್ತು, ಆ ವಾಚು ಮೇಡಂ ಕೈಯಲ್ಲಿತ್ತು, ಮೇಡಂ ನನ್ನ ಮುಖ ನೋಡುತ್ತಿದ್ದರು. ಮಾಲೂರು 31, ಮುಳಬಾಗಿಲು 29 ಎಂದು ಬರೆದು ಸಹಿ ಹಾಕಿದರೆ ಊಟಕ್ಕೆ ಹೋಗಬಹುದಿತ್ತು. ಸಾಂಬಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ದುರಾಸೆ ಎಂದರೆ ಇದೇ ಇರಬೇಕು.

ಆದರೆ ಮೇಡಂ ಗಣಿತದವರು. ಹತ್ತೊಂಬತ್ತನ್ನು ಸೊನ್ನೆ ಮಾಡುವ ವಿಧಾನ ನನ್ನ ಬಾಯಿಂದ ಕೇಳಲು ಕಾಯುತ್ತಿದ್ದಂತೆ ನಿಂತಿದ್ದರು. ಆ ವಿಧಾನ ನನಗೆ ಬರಲಿಲ್ಲ. ಮೈಕ್ ತೆಗೆದುಕೊಂಡೆ.

“ಆಟ ಮುಗಿದಿಲ್ಲ. ಬಾರಿಸಿದ್ದು ಊಟದ ಬೆಲ್ಲು. ವಿಷಲ್ ಊದಿದ್ದು ನನ್ನ ತಪ್ಪು. ಎರಡೂ ತಂಡದವರು ಅವರವರ ಅಂಕಣದಲ್ಲಿ ಕೂತ್ಕೊಳ್ಳಿ.”

ಕುಣಿಯುತ್ತಿದ್ದ ಎರಡೂ ಗೆಲುವು ಒಟ್ಟಿಗೆ ನಿಂತವು. ಮಾಲೂರಿನ ಮ್ಯಾನೇಜರ್ ನನ್ನ ಹಳೆಯ ಸಹಪಾಠಿ. ಬಿ.ಪಿ.ಎಡ್. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಸಭೆಯಲ್ಲಿ ನನ್ನನ್ನು ಸಾರ್ ಎನ್ನುತ್ತಾನೆ. ಬಂದವನೇ ಶುರು ಮಾಡಿದ: “ರೆಫರಿ ಸಾರ್, ನಿಮ್ಮ ತಪ್ಪು ನಿಮ್ಮ ಹತ್ರ ಇಟ್ಕೊಳ್ಳಿ. ಅವಳನ್ನ ಮೂರು ಜನ ಹಿಡಿದಾಗಿತ್ತು. ರೈಡರ್ ಔಟ್. ನಮಗೆ ಇನ್ನೊಂದು ಪಾಯಿಂಟ್ ಬರೀರಿ.”

ಮುಳಬಾಗಿಲಿನ ಮ್ಯಾನೇಜರ್ ಮೇಡಂ ಅವನ ಹಿಂದೆಯೇ ಬಂದರು. “ಹಿಡಿದಿದ್ರೆ ಗೆರೆ ಹೆಂಗೆ ದಾಟಿದ್ಲು ಸಾರ್? ಮೂರು ಜನರನ್ನ ಮುಟ್ಟಿ, ಉಸಿರು ಬಿಡದೆ ದಾಟಿದ್ದಾಳೆ. ಮೂರು ಪಾಯಿಂಟ್. ಮೂವತ್ತೆರಡು, ಮೂವತ್ತೊಂದು. ನಾವು ಗೆದ್ದಿದ್ದೀವಿ.”

“ವಿಷಲ್ ಆದ್ಮೇಲೆ ದಾಟೋದು ದಾಟೋದಾ? ಅದು ವಾಕಿಂಗು.”

“ಬಿಟ್ಟಿದ್ದು ಯಾರು ಮತ್ತೆ? ನಾವು ಬಿಡಿ ಅಂತ ಕೇಳಿದ್ವಾ?”

“ಲೇ, ನೀನು ಊದಿದ್ದಕ್ಕೇ ಅಲ್ವೇನೋ ನನ್ನ ಹುಡ್ಗಿ ಬಿಟ್ಟಿದ್ದು?” ಎಂದು ಸಹಪಾಠಿ ನನ್ನ ಕಡೆ ತಿರುಗಿದ. ಸಾರ್ ಅಲ್ಲಿಗೆ ಮುಗಿಯಿತು.

ತರುಣ ಅಂಪೈರ್ ಮೊಬೈಲಿನಲ್ಲಿ ನಿಯಮ ಪುಸ್ತಕ ತೆಗೆದು ಹೆಬ್ಬೆರಳಿನಿಂದ ಮೇಲೆ ಕೆಳಗೆ ಓಡಿಸುತ್ತಿದ್ದರು. “ಸಾರ್, ಬೇರೆ ಬೆಲ್ ಹೊಡೆದ್ರೆ ಏನು ಮಾಡ್ಬೇಕು ಅಂತ ಇಲ್ಲ.”

“ಊಟ ಅಂತ ಹುಡುಕಿ ನೋಡಪ್ಪ.”

ಪಾಪ, ಅವರು ಹುಡುಕಿದರು.

ನಾನು ಯೋಚಿಸಿದೆ. ಗೊಂದಲವೆಲ್ಲ ಮೂರೇ ಸಂಗತಿಯ ಮೇಲೆ ನಿಂತಿತ್ತು: ಕಾಲು ಬಿಟ್ಟದ್ದು, ನಾನು ಊದಿದ್ದು, ಅವಳು ಗೆರೆ ದಾಟಿದ್ದು. ಯಾವುದು ಮೊದಲು? ಬೆಲ್ ಕೇಳಿ ಕಾಲು ಬಿಟ್ಟು, ಊದುವ ಮೊದಲೇ ಅವಳು ದಾಟಿದ್ದರೆ ಅದು ಮಾಲೂರಿನವರ ಅಜಾಗರೂಕತೆ. ಬೆಲ್ಲಿಗೆ ಆಟದಲ್ಲಿ ಅಧಿಕಾರವಿಲ್ಲ, ಅಧಿಕಾರ ವಿಷಲ್ಲಿಗೆ ಮಾತ್ರ. ಮೂರು ಪಾಯಿಂಟ್ ಕೊಡಲೇಬೇಕು. ಅವಳು ದಾಟುವ ಮೊದಲೇ ನಾನು ಊದಿದ್ದರೆ ಆ ರೈಡು ಅಲ್ಲಿಗೇ ಸತ್ತಿತು. ಔಟೂ ಇಲ್ಲ, ಪಾಯಿಂಟೂ ಇಲ್ಲ. ನಾನಂತೂ ಊದುವುದರಲ್ಲಿ ತಲ್ಲೀನನಾಗಿದ್ದರಿಂದ ಏನೂ ನೋಡಿರಲಿಲ್ಲ.

ಮಾಲೂರಿನ ಕಾರ್ನರ್ ಹುಡುಗಿಯನ್ನು ಕರೆದೆ. ಬಂದು ಕೈಕಟ್ಟಿ ನಿಂತಳು.

“ಕಾಲು ಹಿಡಿದಿದ್ದೆಯಲ್ಲಮ್ಮ. ಯಾವಾಗ ಬಿಟ್ಟೆ?”

“ಹೇಳೇ, ವಿಷಲ್ ಕೇಳಿದ ಮೇಲೆ ಅಂತ” ಎಂದ ನನ್ನ ಸಹಪಾಠಿ ಹಿಂದಿನಿಂದ.

ಹುಡುಗಿ ಅವನನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. “ಬೆಲ್ ಹೊಡೀತಲ್ಲ ಸಾರ್, ಆವಾಗ.”

“ವಿಷಲ್‌ಗೆ ಮುಂಚೇನಾ?”

“ಹೂಂ ಸಾರ್. ಬೆಲ್ ಹೊಡೆದ್ರೆ ಕೈಯಲ್ಲಿರೋದನ್ನ ಬಿಟ್ಬಿಡ್ಬೇಕಲ್ವಾ. ಪರೀಕ್ಷೆಲೂ ಹಂಗೇ.”

ನನ್ನ ಸಹಪಾಠಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಸುಣ್ಣದ ಗೆರೆಯ ಮೇಲೇ ಕೂತ. ಮುಳಬಾಗಿಲಿನ ಮೇಡಂ ಸ್ಕೋರ್ ಬರೆಯುವ ಮೇಜಿನ ಕಡೆ ಎರಡು ಹೆಜ್ಜೆ ಹಾಕಿದರು. “ಇರಿ ಮೇಡಂ” ಎಂದೆ. ರೈಡರ್ ಹುಡುಗಿಯನ್ನು ಕರೆದೆ.

“ನೀನು ಗೆರೆ ದಾಟಿದ್ದು ವಿಷಲ್‌ಗೆ ಮುಂಚೆಯೋ ಆಮೇಲೆಯೋ?”

ಅವಳು ಬಹಳ ಹೊತ್ತು ಕಾಲ್ಬೆರಳಿನಿಂದ ಮಣ್ಣು ಕೆದಕಿದಳು. ಮ್ಯಾಟಿನ ನೆನಪು ಬಂದಿರಬೇಕು ಎಂದುಕೊಂಡೆ. “ಗೊತ್ತಿಲ್ಲ ಸಾರ್. ನಾನು ಕಬಡ್ಡಿ ಅಂತಿದ್ದೆ.”

ಸುಳ್ಳಲ್ಲ. ನಿಜವನ್ನೂ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಮುಂದೆ ಒಳ್ಳೆಯ ವಕೀಲಳಾಗಬಹುದು. ಅಂಪೈರ್ ಕಡೆ ತಿರುಗಿದೆ. ಅವರು ಇದ್ದದ್ದು ನಡುಗೆರೆಯ ತುದಿಯಲ್ಲಿ.

“ನಡ್ಕೊಂಡು ದಾಟಿದ್ಲು ಸಾರ್” ಎಂದರು. “ಮೊದ್ಲು ನಿಂತ್ಲು, ಬಟ್ಟೆ ಕೊಡವಿದ್ಲು, ಆಮೇಲೆ ನಡೆದ್ಲು.”

ಜೀವಂತವಿರುವ ರೈಡಿನಲ್ಲಿ ನಡೆದು ಮನೆಗೆ ಬಂದ ಹುಡುಗಿಯನ್ನು ನಾನು ಇಲ್ಲಿಯವರೆಗೆ ನೋಡಿಲ್ಲ. “ನಿಂತೆಯೇನಮ್ಮ?” ಎಂದೆ. ಅವಳು ಸಣ್ಣಗೆ ನಕ್ಕು, “ಸ್ವಲ್ಪ ನಿಂತೆ ಸಾರ್. ನೀವು ಊದಿದ್ರಲ್ಲ” ಎಂದಳು.

ತೀರ್ಪು ಸಿದ್ಧವಾಯಿತು. ಸಾಧ್ಯವಾದಷ್ಟು ಗಂಭೀರವಾಗಿ ಓದಿದೆ: ಕಾಲು ಬಿಟ್ಟದ್ದು ವಿಷಲ್ಲಿಗೆ ಮೊದಲು, ಆದ್ದರಿಂದ ರೈಡರ್ ಔಟಲ್ಲ. ಗೆರೆ ದಾಟಿದ್ದು ವಿಷಲ್ ಆದ ಮೇಲೆ, ಆದ್ದರಿಂದ ಪಾಯಿಂಟಿಲ್ಲ. ಆ ರೈಡು ನಡೆದೇ ಇಲ್ಲ. ಮಾಲೂರು 31, ಮುಳಬಾಗಿಲು 29, ಉಳಿದದ್ದು ಹತ್ತೊಂಬತ್ತು ಸೆಕೆಂಡ್, ರೈಡು ಮುಳಬಾಗಿಲಿನದು.

“ಹನ್ನೆರಡು ಸೆಕೆಂಡ್ ಆಗ್ಲೇ ಆಡಿದ್ದಾಳೆ” ಎಂದು ಕೂತಲ್ಲಿಂದಲೇ ಸಹಪಾಠಿ ಕೂಗಿದ. “ರೈಡಿಗೆ ಮೂವತ್ತು. ಇನ್ನು ಹದಿನೆಂಟೇ ಕೊಡ್ಬೇಕು.”

“ನಡೆಯದೇ ಇದ್ದ ರೈಡಲ್ಲಿ ಹನ್ನೆರಡು ಸೆಕೆಂಡ್ ಎಲ್ಲಿಂದ ಬಂತಯ್ಯಾ? ಪೂರ್ತಿ ಮೂವತ್ತು. ನಡುವೆ ಬೆಲ್ ಆದ್ರೂ ರೈಡ್ ಮುಗಿಯೋವರೆಗೆ ಆಟ. ನಾನು ಊದಲ್ಲ.”

“ಈಗ ಊದಲ್ಲ ಅಂತೀಯ” ಎಂದ.

ಅಡುಗೆಯಮ್ಮ ಸೌಟು ಹಿಡಿದೇ ಬಂದಿದ್ದರು. “ನಾನೇನ್ ತಪ್ಪು ಮಾಡ್ದೆ ಸಾಮಿ? ಅನ್ನ ಇಳಿಸ್ದೆ, ಬೆಲ್ ಹೊಡ್ದೆ. ದಿನಾ ಹೊಡೀತೀನಿ.”

“ನಿಮ್ಮದೇನೂ ತಪ್ಪಿಲ್ಲಮ್ಮ. ಒಂದು ನಿಮಿಷ ಇರಿ.”

“ಅನ್ನ ಆರೋಯ್ತದೆ. ಊಟ ಆದ್ಮೇಲೆ ಆಡಿಸ್ಕೊಳ್ಳಿ.”

ಕೆಲವು ಮೇಷ್ಟರಿಗೂ ಅದು ಹಿಡಿಸಿತು. ಆದರೆ ಅನ್ನ ಸಾಂಬಾರು ಉಂಡ ಹೊಟ್ಟೆಯಲ್ಲಿ ಉಸಿರು ಕಟ್ಟಿ ಓಡಿಸುವುದು ಯಾವ ನಿಯಮದಲ್ಲೂ ನ್ಯಾಯವಲ್ಲ. “ಮೊದಲು ಹತ್ತೊಂಬತ್ತು ಸೆಕೆಂಡ್, ಆಮೇಲೆ ಅನ್ನ” ಎಂದೆ. ಅಡುಗೆಯಮ್ಮ ಕಂಬಿ ಹೊಡೆಯುವ ಕಬ್ಬಿಣದ ತುಂಡನ್ನು ಗಣಿತದ ಮೇಡಂ ಕೈಗೆ ಕೊಟ್ಟು, ತಾವೂ ಗೆರೆಯ ಪಕ್ಕ ಕೂತರು. ಇಡೀ ಶಾಲೆ ಖಾಲಿ ತಟ್ಟೆ ಹಿಡಿದುಕೊಂಡು ಸುತ್ತ ನಿಂತಿತು. ಫೈನಲಿಗೆ ಅಷ್ಟು ಏಕಾಗ್ರತೆಯ ಪ್ರೇಕ್ಷಕರು ಅಲ್ಲಿಯವರೆಗೆ ಇರಲಿಲ್ಲ.

ವಿಷಲ್ಲನ್ನು ಬಾಯಿಂದ ತೆಗೆದು ಮುಷ್ಟಿಯಲ್ಲಿಟ್ಟುಕೊಂಡೆ. ಕೈಯಾಡಿಸಿ ರೈಡ್ ಬಿಟ್ಟೆ.

ಅವಳು ಬುದ್ಧಿವಂತೆ. ಬೇಗ ಮುಗಿಸಿದರೆ ಮಾಲೂರಿಗೂ ಒಂದು ರೈಡ್ ಸಿಗುತ್ತದೆ. ಅದಕ್ಕೇ ಒಳಗೆ ಹೋಗಿ, ಹೊರಗೆ ಬಂದು, ಆ ಪಕ್ಕ ಈ ಪಕ್ಕ ಸರಿದು ಸಮಯ ತಿಂದಳು. ಢಣ್ ಎಂದಿತು ಕಂಬಿ. ಮೈದಾನದ ಎಲ್ಲ ಕಣ್ಣೂ ನನ್ನ ಬಾಯಿಯ ಮೇಲೆ ನೆಟ್ಟವು. ಮುಷ್ಟಿ ಬಿಗಿ ಮಾಡಿದೆ. ಹುಡುಗಿಯರು ಯಾರೂ ನಿಲ್ಲಲಿಲ್ಲ. ಅಂಪೈರ್ ಬೆರಳೆತ್ತಿ ಕೊನೆಯ ಐದು ಸೆಕೆಂಡ್ ಎಂದರು.

ಅವಳು ನುಗ್ಗಿದಳು. ಮೂರು ಜನ ಬೇಕೆಂದರೆ ಮೂಲೆಗೇ ಹೋಗಬೇಕು. ಮತ್ತೆ ಅದೇ ಎಡಮೂಲೆ. ಮತ್ತೆ ಅದೇ ಕಾಲು, ಮತ್ತೆ ಅದೇ ಕೈ. ಇಬ್ಬರು ಸೊಂಟಕ್ಕೆ ಬಿದ್ದರು. ಮೂವರನ್ನೂ ಎಳೆದುಕೊಂಡು ಅವಳು ಮಣ್ಣಿನ ಮೇಲೆ ತೆವಳಿದಳು. ಅಂಪೈರ್ ಹೊಟ್ಟೆಯ ಮೇಲೆ ಮಲಗಿ ಗೆರೆ ನೋಡುತ್ತಿದ್ದರು. ಅವಳ ಬೆರಳಿಗೂ ನಡುಗೆರೆಗೂ ನಡುವೆ ಒಂದು ಗೇಣು ಉಳಿಯಿತು. ಕಬಡ್ಡಿ ಎಂಬ ಮಾತು ಕಬ ಎಂದಾಗಿ, ಆಮೇಲೆ ಬರೀ ಏದುಸಿರಾಯಿತು. ಉಸಿರು ಬಿಟ್ಟಿತು ಎಂದು ಅಂಪೈರ್ ಕೈಯೆತ್ತಿದರು. ನಾನು ಎರಡು ಎಣಿಸಿ, ಅಡುಗೆಯಮ್ಮನ ಕಡೆ ಒಮ್ಮೆ ನೋಡಿ, ಊದಿದೆ.

ಇಬ್ಬರು ಎದ್ದರು. ಕಾರ್ನರ್ ಹುಡುಗಿ ಕಣ್ಣು ಮುಚ್ಚಿಕೊಂಡು ಕಾಲು ಹಿಡಿದೇ ಇದ್ದಳು. ಉದ್ದನೆಯ ವಿಷಲ್ಲೂ ಊದಿದೆ. ಬಿಡಲಿಲ್ಲ. ಹತ್ತಿರ ಹೋಗಿ ಬಗ್ಗಿ, “ಬಿಡಮ್ಮ” ಎಂದೆ.

“ಬೆಲ್ಲಾ, ವಿಷಲ್ಲಾ ಸಾರ್?”

“ಎರಡೂ ಆಯ್ತು. ಬಿಡು.”

“ಬಿಡೇ, ಕಾಲು ಮರಗಟ್ಟೋಯ್ತು” ಎಂದಿತು ಕೆಳಗಿನಿಂದ ಇನ್ನೊಂದು ಧ್ವನಿ. “ಬೇಕಾದ್ರೆ ಊಟ ಆದ್ಮೇಲೆ ಮತ್ತೆ ಹಿಡ್ಕೋ.”

ಮುಳಬಾಗಿಲಿನ ರೈಡರ್ ಹೊಂಗೆ ಮರದ ಹಿಂದೆ ಹೋಗಿ ಸ್ವಲ್ಪ ಹೊತ್ತು ಅತ್ತಳು, ಮುಖ ತೊಳೆದುಕೊಂಡು ಬಂದು ಊಟದ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಜಾಗ ಸಿಕ್ಕಿದ್ದು ಮಾಲೂರಿನ ಕಾರ್ನರ್‌ಗೆ. ವಿಭಾಗ ಮಟ್ಟದಿಂದ ಬಂದ ಮೇಲೆ ಮ್ಯಾಟು ಹೇಗಿತ್ತು ಎಂದು ಫೋನ್ ಮಾಡಿ ಹೇಳಬೇಕೆಂದು ಮಾತಾಯಿತು. ಅನ್ನ ಆರಿತ್ತು. ಅಡುಗೆಯಮ್ಮ ಬಡಿಸುವಾಗ ನನ್ನ ತಟ್ಟೆಗೆ ಮಾತ್ರ ತಳ ಹಿಡಿದದ್ದನ್ನು ಹುಡುಕಿ ಹಾಕಿದರು. ನನ್ನ ಸಹಪಾಠಿ ಎದುರಿಗೆ ಕೂತು, ನನಗೆ ಮತ್ತೆ ಸಾರ್ ಎನ್ನುತ್ತಾ ಮೊಟ್ಟೆ ಸುಲಿದ.

ಅಂಕಪಟ್ಟಿಗೆ ಸಹಿ ಹಾಕಿದೆ: ಮಾಲೂರು 32, ಮುಳಬಾಗಿಲು 29. ಮಧ್ಯಾಹ್ನದ ಬಾಲಕರ ಫೈನಲಿಗೆ ಬೇರೆ ತೀರ್ಪುಗಾರರನ್ನು ನೇಮಿಸಲಾಯಿತು.